ಹಡಗು ಹೋದ ಮೇಲೆ ಉಳಿಯುವ ಹಡಗು

'ಅಜಯ್' ಹಡಗನ್ನು ನಾನು ಕಣ್ಣಾರೆ ಕಂಡವನಲ್ಲ. ಕೋಲ್ಕತ್ತದ ಗಾರ್ಡನ್ ರೀಚ್ ಕಾರ್ಖಾನೆ ಅದನ್ನು ನೌಕಾಪಡೆಗೆ ಒಪ್ಪಿಸಿದ್ದು 1961ರಲ್ಲಿ. ಸ್ವತಂತ್ರ ಭಾರತ ತನ್ನ ನೆಲದಲ್ಲೇ ಕಟ್ಟಿದ ಮೊದಲ ಯುದ್ಧನೌಕೆ ಅದು. ಉದ್ದ 117 ಅಡಿ, ಅಗಲ 20 ಅಡಿ, ತೂಕ ಸುಮಾರು 120 ಟನ್, ಮುಂಭಾಗದಲ್ಲಿ ಒಂದು ಬೋಫೋರ್ಸ್ ತೋಪು. ಇಂದಿನ ಹಡಗುಗಳ ಪಕ್ಕದಲ್ಲಿ ನಿಲ್ಲಿಸಿದರೆ ಅದು ಕಂಕುಳಲ್ಲಿ ಹೊರುವ ಕೂಸು. 1974ರಲ್ಲಿ ಅದನ್ನು ಬಾಂಗ್ಲಾದೇಶಕ್ಕೆ ಕೊಟ್ಟೆವು. ಅಲ್ಲಿ ಅದಕ್ಕೆ 'ಸುರ್ಮಾ' ನದಿಯ ಹೆಸರು ಬಂತು. ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಹೌರಾ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಅಜಯ್ ಆ ಊರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಅದರ ಮೈಯ ಪ್ರತಿ ತಿರುವೂ ನನ್ನ ಬೆರಳಿಗೆ ಗೊತ್ತು. ಎರಡು ಚಳಿಗಾಲ ಆ ಮೈಯನ್ನು ಉಪ್ಪುಕಾಗದದಿಂದ ಉಜ್ಜಿದವರಲ್ಲಿ ನಾನೂ ಒಬ್ಬ.

ಹಳೆಯ ನೌಕಾ ಕೆಡೆಟ್‌ಗಳ ಈ ಸ್ಮರಣ ಸಂಚಿಕೆಗೆ ಹಡಗು ಮಾದರಿಯ ಚರಿತ್ರೆಯನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ಮಂಗಳೂರಿನಲ್ಲಿ ಕಲಿತದ್ದನ್ನು ಬರೆಯಲೋ, ಕೋಲ್ಕತ್ತದಲ್ಲಿ ಕಂಡದ್ದನ್ನು ಬರೆಯಲೋ ಎಂದು ಕೆಲವು ದಿನ ಯೋಚಿಸಿದೆ. ಕೊನೆಗೆ ಕೋಲ್ಕತ್ತವನ್ನೇ ಹಿಡಿದೆ. ನಿಜವಾದ ಯುದ್ಧನೌಕೆ ನೀರಿಗಿಳಿಯುವ ದಂಡೆ, ಅದರ ಮಾದರಿ ಸಿದ್ಧವಾಗುವ ಮೇಜು, ಮಾದರಿಯನ್ನು ಗಾಜಿನೊಳಗೆ ಇಟ್ಟು ಕಾಯುವ ಮ್ಯೂಸಿಯಂ, ಈ ಮೂರೂ ಒಂದೇ ಟ್ರಾಮು-ಬಸ್ಸಿನ ದೂರದಲ್ಲಿರುವ ಊರು ನಮ್ಮ ದೇಶದಲ್ಲಿ ಅಪರೂಪ.

ಮೊದಲು ಸಂಸ್ಥೆಯ ಮಾತು. ಎನ್‌ಸಿಸಿಯ ಬೇರು ಹುಡುಕುತ್ತ ಹೋದರೂ ಕಾಲು ಬಂದು ನಿಲ್ಲುವುದು ಕಲ್ಕತ್ತೆಯಲ್ಲೇ. 1917ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ವಿಶ್ವವಿದ್ಯಾಲಯದ ಹುಡುಗರ ಮೊದಲ ತುಕಡಿ ಎದ್ದದ್ದು ಅಲ್ಲಿ. ಸುಭಾಷ್‌ಚಂದ್ರ ಬೋಸರು ಖಾಕಿ ತೊಟ್ಟು ಕವಾಯತು ಕಲಿತದ್ದೂ ಆ ವಿದ್ಯಾರ್ಥಿ ಪಡೆಯಲ್ಲಿ. ಮುಂದೆ ಅದು ಯೂನಿವರ್ಸಿಟಿ ಟ್ರೈನಿಂಗ್ ಕೋರ್ ಆಯಿತು. 1946ರಲ್ಲಿ ಹೃದಯನಾಥ ಕುಂಜ್ರೂ ಅವರ ಸಮಿತಿ ಕೂತಿತು, 1948ರ ಜುಲೈಯಲ್ಲಿ ಎನ್‌ಸಿಸಿ ಹುಟ್ಟಿತು. ಮರುವರ್ಷ ಹೆಣ್ಣುಮಕ್ಕಳ ವಿಭಾಗ, 1950ರಲ್ಲಿ ಬೊಂಬಾಯಿಯಲ್ಲೊಂದು ಕಲ್ಕತ್ತೆಯಲ್ಲೊಂದು ತುಕಡಿಯೊಡನೆ ವಾಯು ವಿಭಾಗ, 1952ರ ಜುಲೈಯಲ್ಲಿ ನಮ್ಮ ನೌಕಾ ವಿಭಾಗ. ಅದಕ್ಕೆ 75 ತುಂಬುವ ಸಂತೋಷದಲ್ಲೇ ಈ ಸಂಚಿಕೆ ಹೊರಡುತ್ತಿದೆ. ಅದೇ 1952ರಲ್ಲಿ ಖರಗ್‌ಪುರದ ಐಐಟಿಯಲ್ಲಿ ಹಡಗು ವಿನ್ಯಾಸದ ವಿಭಾಗವೂ ಶುರುವಾಯಿತು. ಕೋಲ್ಕತ್ತದಿಂದ ರೈಲಿನಲ್ಲಿ ಎರಡು ಗಂಟೆಯ ದಾರಿ.

ನೌಕಾ ಕೆಡೆಟ್‌ಗೆ ಮಾದರಿ ಹಡಗು ಯಾಕೆ ಬೇಕು? ಭೂಸೇನೆಯ ಕೆಡೆಟ್‌ಗೆ ಮೈದಾನವಿದ್ದರೆ ಸಾಕು, ಬಂದೂಕು ಕೈಗೆ ಬರುತ್ತದೆ. ನಮಗೆ ಕಲಿಸಬೇಕಾದದ್ದು ಹಡಗು. ಅದನ್ನು ಕಾಲೇಜಿನ ಅಂಗಳಕ್ಕೆ ತರಲಾಗುವುದಿಲ್ಲ. ಹಡಗಿನ ಎಡ-ಬಲ, ಮೂತಿ, ಹಿಂಬದಿ, ಸೇತುವೆ, ಕೂವೆ, ಚುಕ್ಕಾಣಿ, ಇವುಗಳ ಹೆಸರನ್ನು ಕಪ್ಪು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದರೆ ಪರೀಕ್ಷೆಯ ಮಾರನೆಯ ದಿನ ಮರೆತುಹೋಗುತ್ತದೆ. ಅದನ್ನೇ ಮರದಲ್ಲಿ ಕೆತ್ತಿಸಿದರೆ ಜನ್ಮವಿಡೀ ಇರುತ್ತದೆ. ಆದ್ದರಿಂದ ಪಠ್ಯದಲ್ಲೇ ಹಡಗು ಮಾದರಿಗೆ ಜಾಗ ಸಿಕ್ಕಿತು. ಪ್ರತಿವರ್ಷದ ಅಖಿಲ ಭಾರತ ನೌ ಸೈನಿಕ್ ಕ್ಯಾಂಪಿನಲ್ಲಿ 17 ಡೈರೆಕ್ಟರೇಟ್‌ಗಳ ತಂಡಗಳು ಸೇರುತ್ತವೆ. ಹುಟ್ಟು ಹಾಕುವ ಸ್ಪರ್ಧೆ, ಬಾವುಟದ ಸಂಕೇತ, ಗುರಿ ಹೊಡೆಯುವುದು, ಇವುಗಳ ಜೊತೆಗೆ ಮಾದರಿಯ ಸ್ಪರ್ಧೆಯೂ ಇರುತ್ತದೆ: ನಿಂತ ಮಾದರಿ, ಹಾಯಿ ಮಾದರಿ, ಯಂತ್ರದಿಂದ ಓಡುವ ಮಾದರಿ. ಕೆಲವು ವರ್ಷ ಕ್ಯಾಂಪು ನಮ್ಮ ಕಾರವಾರದ ಕದಂಬ ನೌಕಾನೆಲೆಯಲ್ಲೂ ನಡೆದಿದೆ. ಪಶ್ಚಿಮ ಬಂಗಾಳ-ಸಿಕ್ಕಿಂ ತಂಡವೂ ನಮ್ಮ ಕರ್ನಾಟಕ-ಗೋವಾ ತಂಡವೂ ಎದುರುಬದುರು ಮೇಜಿನಲ್ಲಿ ಮಾದರಿಗಳನ್ನಿಟ್ಟು ನಿಂತದ್ದನ್ನು ಕಂಡವರು ಈ ಸಂಚಿಕೆ ಓದುವವರಲ್ಲೂ ಇದ್ದಾರೆ.

ಕೋಲ್ಕತ್ತದಲ್ಲಿ ನನಗೆ ಸಿಕ್ಕ ಬಳಗ ಯಾವ ರಿಜಿಸ್ಟರಿನಲ್ಲೂ ಇಲ್ಲದ್ದು. ಹಳೆಯ ನೌಕಾ ಕೆಡೆಟ್‌ಗಳು ಕೆಲವರು, ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು ಒಬ್ಬಿಬ್ಬರು, ಒಬ್ಬ ಶಾಲಾ ಮಾಸ್ತರು, ನಡುವೆ ಕನ್ನಡದವನು ನಾನೊಬ್ಬ. ಭಾನುವಾರ ಬೆಳಿಗ್ಗೆ ಮಾಸ್ತರ ಮನೆಯ ತಾರಸಿಯ ಕೋಣೆಯಲ್ಲಿ ಸೇರುತ್ತಿದ್ದೆವು. ಹಿರಿಯರೆಲ್ಲ 'ದಾದಾ', ಹುಡುಗರಿಗೆ ನಾವು 'ಕಾಕು'. ಮಾಸ್ತರನ್ನು ಮಾತ್ರ ಎಲ್ಲರೂ 'ಮಾಸ್ಟರ್‌ಮೊಶಾಯ್' ಎನ್ನುತ್ತಿದ್ದರು. ಅವರ ಒಂದು ನಿಯಮ ನನಗೆ ಇಂದಿಗೂ ಹಿತ: ಮಾದರಿಯ ಮೇಲೆ ಯಾರೂ ತಮ್ಮ ಹೆಸರು ಬರೆಯಕೂಡದು. ಒಡಲು ಕೆತ್ತಿದವನೊಬ್ಬ, ಕಟಕಟೆ ನೆಟ್ಟವನೊಬ್ಬ, ಬಣ್ಣ ಹೊಡೆದವನು ಮತ್ತೊಬ್ಬ. ಗಾರ್ಡನ್ ರೀಚಿನಲ್ಲಿ ಹಡಗಿಗೆ ಬೆಸುಗೆ ಹಾಕಿದವನ ಹೆಸರು ಹಡಗಿನ ಮೇಲೆ ಇರುತ್ತದೆಯೇ ಎಂದು ಅವರು ಕೇಳುತ್ತಿದ್ದರು.

ಕೆಲಸ ಶುರುವಾಗುವುದು ಕಾಗದದ ಮೇಲೆ. ಹಡಗಿನ ರೇಖಾಚಿತ್ರದಲ್ಲಿ ಮೂರು ನೋಟಗಳಿರುತ್ತವೆ: ಪಕ್ಕದಿಂದ, ಮೇಲಿನಿಂದ, ಎದುರಿನಿಂದ. ಮೇಲಿನ ನೋಟದಲ್ಲಿ ಒಂದರೊಳಗೊಂದು ಬಳೆಗಳಂತೆ ಕಾಣುವ ಗೆರೆಗಳು ಬೇರೆಬೇರೆ ಎತ್ತರದಲ್ಲಿ ಒಡಲು ಎಷ್ಟು ಅಗಲವಿದೆ ಎಂದು ಹೇಳುತ್ತವೆ. ಒಂದೊಂದು ಗೆರೆಗೆ ಒಂದೊಂದು ತೆಳು ಹಲಗೆ ಕೊಯ್ದು, ಒಂದರ ಮೇಲೊಂದು ಫೆವಿಕಾಲ್ ಹಚ್ಚಿ ಜೋಡಿಸಿ, ಮೇಲೆ ಇಟ್ಟಿಗೆ ಹೇರಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ನೋಡಿದರೆ ದೇವಸ್ಥಾನದ ಕಲ್ಯಾಣಿಯನ್ನು ಬೋರಲು ಹಾಕಿದಂತೆ ಮೆಟ್ಟಿಲು ಮೆಟ್ಟಿಲಾದ ಒಂದು ಗಡ್ಡೆ. ಆ ಮೆಟ್ಟಿಲುಗಳ ಮೂಲೆಗಳನ್ನು ಉಳಿಯಿಂದ, ಅರದಿಂದ, ಕೊನೆಗೆ ಉಪ್ಪುಕಾಗದದಿಂದ ತೆಗೆಯುತ್ತ ಹೋದರೆ ಒಳಗಿರುವ ಹಡಗು ಈಚೆ ಬರುತ್ತದೆ. ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯಲು ಮಾಸ್ತರು ಒಂದು ಉಪಾಯ ಮಾಡಿದ್ದರು: ಅಂಟಿಸುವ ಮುಂಚೆ ಹಲಗೆಗಳ ನಡುವೆ ಮಸಿ ಬಳಿಯುವುದು. ಉಜ್ಜುತ್ತ ಹೋದಾಗ ಆ ಮಸಿಗೆರೆ ಕೂದಲೆಳೆಯಷ್ಟು ತೆಳುವಾಗಿ ಎರಡೂ ಪಕ್ಕದಲ್ಲಿ ಒಂದೇ ಸಮ ಕಾಣಬೇಕು. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದರೆ ಹಡಗು ವಾರೆ.

ಅತಿ ಕಷ್ಟದ್ದು ಮೂತಿ. ಯುದ್ಧನೌಕೆಯ ಮೂತಿ ನೀರಿನ ಹತ್ತಿರ ಕತ್ತಿಯಂತೆ ಕಿರಿದಾಗಿದ್ದು, ಮೇಲೇರಿದಂತೆ ಹೂವಿನ ಎಸಳಿನ ಹಾಗೆ ಹೊರಕ್ಕೆ ಬಾಗುತ್ತದೆ. ಎದ್ದುಬರುವ ಅಲೆಯನ್ನು ಅಟ್ಟದ ಮೇಲೆ ಬೀಳದಂತೆ ಪಕ್ಕಕ್ಕೆ ತಳ್ಳುವುದು ಆ ಬಾಗು. ಅಲ್ಲಿ ಮರ ಒಳಕ್ಕೂ ತಿರುಗುತ್ತದೆ, ಹೊರಕ್ಕೂ ತಿರುಗುತ್ತದೆ. ಚಪ್ಪಟೆ ಹಲಗೆಗೆ ಸುತ್ತಿದ ಉಪ್ಪುಕಾಗದ ಅಲ್ಲಿಗೆ ಹೋಗದು. ಪೆನ್ಸಿಲಿಗೆ ಸುತ್ತಿ, ಆಮೇಲೆ ಕಿರುಬೆರಳಿಗೆ ಸುತ್ತಿ ಉಜ್ಜಬೇಕು. ಕಣ್ಣು ಮುಚ್ಚಿ ಬೆರಳಾಡಿಸು ಎನ್ನುತ್ತಿದ್ದರು ಮಾಸ್ತರು. ಕಣ್ಣು ತಪ್ಪಿಸಿಕೊಂಡ ಉಬ್ಬು ಬೆರಳಿಗೆ ಸಿಗುತ್ತಿತ್ತು.

ನಮ್ಮ ಮೊದಲ ಅಜಯ್ 1:100ರ ಅಳತೆಯದು, ಉದ್ದ ಒಂದು ಅಡಿಗೆ ಚೂರು ಹೆಚ್ಚು. ಅದನ್ನು ಓಡಿಸಬೇಕೆಂಬ ಆಸೆ ಹುಡುಗರಿಗೆ. ಮಾಸ್ತರು ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಮೇಲೆ ಲೆಕ್ಕ ಬರೆದರು. ಉದ್ದ ನೂರರಲ್ಲೊಂದು ಪಾಲಾದರೆ ತೂಕ ನೂರರಲ್ಲೊಂದಾಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ಹತ್ತು ಲಕ್ಷದಲ್ಲೊಂದಾಗುತ್ತದೆ. 120 ಟನ್ನಿನ ಹಡಗಿನ ಮಾದರಿ ನೀರಿನಲ್ಲಿ ಸರಿಯಾದ ಗೆರೆಗೆ ಕೂರಬೇಕಾದರೆ ಅದರ ಒಟ್ಟು ತೂಕ 120 ಗ್ರಾಮ್! ಮೋಟಾರು, ಬ್ಯಾಟರಿ, ಮರ, ಬಣ್ಣ ಎಲ್ಲ ಸೇರಿ ಅಷ್ಟೇ. ಅದು ಆಗದ ಮಾತು. 1:50ಕ್ಕೆ ಹೋದರೆ ಉದ್ದ 71 ಸೆಂಟಿಮೀಟರು, ತೂಕ ಒಂದು ಕಿಲೋದ ಹತ್ತಿರ. ಎರಡನೆಯ ಅಜಯ್ ಅಷ್ಟಾಯಿತು.

ಆ ಮಾದರಿಯ ತೋಪಿನ ನಳಿಕೆಯನ್ನು ನೆನೆಸಿಕೊಂಡರೆ ಈಗಲೂ ನನ್ನ ಮುಖ ಅರಳುತ್ತದೆ. ಬೋಫೋರ್ಸಿನ ಬಾಯಿ 40 ಮಿಲಿಮೀಟರು. ಐವತ್ತರಲ್ಲೊಂದು ಪಾಲೆಂದರೆ 0.8. ಅಂಥ ಕೊಳವೆ ಎಲ್ಲಿ ತರುವುದು? ತಂಡದಲ್ಲಿದ್ದ ಕಂಪೌಂಡರನ ಮಗ 18 ನಂಬರಿನ ಇಂಜೆಕ್ಷನ್ ಸೂಜಿ ತಂದ. ಅದರ ಒಳಬಾಯಿ ಹೆಚ್ಚುಕಡಿಮೆ ಅಷ್ಟೇ. ಚೂಪು ತುದಿಯನ್ನು ಅರದಿಂದ ಸಮ ಮಾಡಿ, ಬುಡಕ್ಕೆ ತಾಮ್ರದ ತಂತಿ ಸುತ್ತಿ ದಪ್ಪ ಮಾಡಿದೆವು. ಬೆಳಕಿಗೆ ಹಿಡಿದರೆ ಈ ಬದಿಯಿಂದ ಆ ಬದಿ ಕಾಣುತ್ತಿತ್ತು. ಕೊಳ್ಳುವ ಸಾಮಾನು ಕಡಿಮೆಯೇ. ಚಾಂದನಿ ಚೌಕದಲ್ಲಿ ಸಣ್ಣ ಮೋಟಾರು, ಗುಜರಿ ಮೋಟಾರಿನಿಂದ ಬಿಚ್ಚಿದ ತಂತಿ, ಅಗರಬತ್ತಿಯ ಬಿದಿರುಕಡ್ಡಿ, ಗುಂಡುಸೂಜಿ, ಹೊಲಿಗೆಯ ದಾರ. ಬಂಗಾಳದಲ್ಲಿ ಮದುಮಗನ ಕಿರೀಟ ಮಾಡುವ ಶೋಲಾ ಬೆಂಡೂ ನಮಗೆ ಒದಗಿತು. ಬಾಲ್ಸಾ ಮರದಷ್ಟೇ ಹಗುರ, ಬ್ಲೇಡಿಗೆ ಬೆಣ್ಣೆಯಂತೆ ಕೊಯ್ಯುತ್ತದೆ.

ಆದರೆ ನೀರಿಗಿಳಿಸಿದ ಮೊದಲ ದಿನವೇ ಎರಡನೆಯ ಅಜಯ್ ಮುಳುಗಿತು. ಬಡಾವಣೆಯ ಪುಕುರದಲ್ಲಿ, ಅಂದರೆ ಕೆರೆಯಲ್ಲಿ, ಬಿಟ್ಟ ಕೂಡಲೇ ನೆಟ್ಟಗೆ ಹತ್ತು ಮಾರು ಹೋಯಿತು. ಹುಡುಗ ಚುಕ್ಕಾಣಿ ತಿರುಗಿಸಿದ, ಹಡಗು ವಾಲಿತು, ವಾಲಿದ್ದು ಏಳಲಿಲ್ಲ. ತಪ್ಪು ನನ್ನದು. ಮೇಲ್ಕಟ್ಟು ಅಂದವಾಗಿ ಬರಲೆಂದು ತಗಡಿನಲ್ಲಿ ಮಾಡಿ ಸೀಸದ ಬೆಸುಗೆ ಹಾಕಿದ್ದೆ. ಒಟ್ಟು ತೂಕ ಸರಿಯಿತ್ತು, ತೂಕ ಕೂತ ಜಾಗ ಸರಿಯಿರಲಿಲ್ಲ. 1870ರಲ್ಲಿ ಬ್ರಿಟನ್ನಿನ 'ಕ್ಯಾಪ್ಟನ್' ಎಂಬ ಯುದ್ಧನೌಕೆ ಮೇಲ್ಭಾರದಿಂದ ಬಿರುಗಾಳಿಯಲ್ಲಿ ಮಗುಚಿ ನೂರಾರು ಜನ ಸತ್ತರು. ಆ ಪಾಠವನ್ನು ಓದಿದ್ದೆ; ನನ್ನ ಕೈಗೆ ಅದು ಬಂದದ್ದು ಆ ಕೆರೆಯ ದಂಡೆಯಲ್ಲಿ. ಹುಡುಗರು ಎದೆಮಟ್ಟದ ನೀರಿಗಿಳಿದು ಕಾಲಲ್ಲಿ ತಡವಿ ಹಡಗನ್ನು ಎತ್ತಿ ತಂದರು. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ತಗಡಿನ ಮೇಲ್ಕಟ್ಟು ತೆಗೆದು ಶೋಲಾದಲ್ಲಿ ಮಾಡಿದೆವು, ಬ್ಯಾಟರಿಯನ್ನು ಕೀಲಿನ ಮೇಲಕ್ಕೇ ಇಳಿಸಿದೆವು, ತಳದಲ್ಲಿ ಮೀನುಬಲೆಯ ಸೀಸದ ಗುಂಡು ಅಂಟಿಸಿದೆವು. ಮುಂದಿನ ತಿಂಗಳು ಅದೇ ಕೆರೆಯಲ್ಲಿ ಎಷ್ಟು ತಿರುಗಿಸಿದರೂ ತಲೆದೂಗಿ ಎದ್ದು ನಿಂತಿತು.

ಓಡುವ ವೇಗಕ್ಕೂ ಲೆಕ್ಕವಿದೆ. ನಿಜವಾದ ಅಜಯ್ 18 ನಾಟ್ ಓಡುತ್ತಿತ್ತು. ಮಾದರಿಯನ್ನು ಅದರ ಐವತ್ತರಲ್ಲೊಂದು ಪಾಲು ವೇಗದಲ್ಲಿ ಬಿಟ್ಟರೆ ನೀರಲ್ಲಿ ತೇಲುವ ಎಲೆಯಂತಿರುತ್ತದೆ. ಐವತ್ತರ ವರ್ಗಮೂಲದಿಂದ ಭಾಗಿಸಬೇಕು. ಆಗ ಎರಡೂವರೆ ನಾಟ್, ಮನುಷ್ಯ ಬಿರುಸಾಗಿ ನಡೆಯುವ ವೇಗ. ಆ ವೇಗದಲ್ಲಿ ಬಿಟ್ಟಾಗ ಮಾತ್ರ ಮೂತಿಯಿಂದ ಏಳುವ ಅಲೆ ನಿಜವಾದ ಹಡಗಿನ ಫೋಟೋದಲ್ಲಿರುವಂತೆಯೇ ಮೈಗೆ ಒರಗಿ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಇದನ್ನು ಕಂಡುಕೊಟ್ಟವರು ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಎಂಜಿನಿಯರು, 1870ರ ದಶಕದಲ್ಲಿ ಉದ್ದನೆಯ ನೀರಿನ ತೊಟ್ಟಿಯಲ್ಲಿ ಮಾದರಿಗಳನ್ನು ಎಳೆದು. ಇಂದಿಗೂ ಹೊಸ ಹಡಗಿನ ಒಡಲನ್ನು ಉಕ್ಕಿನಲ್ಲಿ ಕಟ್ಟುವ ಮೊದಲು ಅದರ ಮಾದರಿಯನ್ನು ಇಂಥ ತೊಟ್ಟಿಯಲ್ಲಿ ಎಳೆದು ನೋಡುತ್ತಾರೆ. ಖರಗ್‌ಪುರದಲ್ಲೂ ಒಂದು ತೊಟ್ಟಿಯಿದೆ. ಹಡಗಿಗೆ ಮೊದಲೂ ಮಾದರಿಯೇ ಎಂಬುದನ್ನು ನಮ್ಮ ಕರಾವಳಿಯವರು ಬಲ್ಲರು. 1796ರಲ್ಲಿ ಟಿಪ್ಪು ಸುಲ್ತಾನ ನಲವತ್ತು ಯುದ್ಧನೌಕೆ ಕಟ್ಟಲು ಆಜ್ಞೆ ಹೊರಡಿಸಿ, ಮಂಗಳೂರು ಮೊದಲಾದ ಕಡೆಯ ಹಡಗುಕಟ್ಟೆಗಳಿಗೆ ಯಾವ ನಮೂನೆಯಲ್ಲಿ ಕಟ್ಟಬೇಕು ಎಂಬುದಕ್ಕೆ ಮಾದರಿಯನ್ನು ತಾನೇ ಒದಗಿಸಿದ. ಮೂರು ವರ್ಷದಲ್ಲಿ ಶ್ರೀರಂಗಪಟ್ಟಣ ಬಿತ್ತು, ಆ ಪಡೆ ಕಡಲಿಗೆ ಇಳಿಯಲಿಲ್ಲ. ಭಾರತದ ಹಡಗುಗಾರಿಕೆಗೆ ಮೊದಲ ದೊಡ್ಡ ಚರಿತ್ರೆ ಬರೆದವರು ಬಂಗಾಳದ ರಾಧಾಕುಮುದ್ ಮುಖರ್ಜಿ. ಅವರ ಗ್ರಂಥ 1912ರಲ್ಲಿ ಬಂತು. ಭೋಜರಾಜನ ಹೆಸರಿನಲ್ಲಿರುವ 'ಯುಕ್ತಿಕಲ್ಪತರು'ವಿನಲ್ಲಿ ಹಡಗಿನ ಉದ್ದ-ಅಗಲ-ಎತ್ತರಗಳ ಲೆಕ್ಕ ಇರುವುದನ್ನು ಅವರು ಕಲ್ಕತ್ತೆಯ ಸಂಸ್ಕೃತ ಕಾಲೇಜಿನ ಹಸ್ತಪ್ರತಿಯಿಂದ ಲೋಕಕ್ಕೆ ತೋರಿಸಿದರು. ಮಾಸ್ತರ ಕೋಣೆಯಲ್ಲಿ ಆ ಪುಸ್ತಕದ ಒಂದು ಪ್ರತಿ, ಅಂಟಿನ ಕಲೆಗಳೊಂದಿಗೆ, ಸದಾ ಇರುತ್ತಿತ್ತು.

ಸಮುದ್ರದಿಂದ ಸುಮಾರು 200 ಕಿಲೋಮೀಟರು ಒಳಗಿರುವ ನದಿಯೂರು ಕೋಲ್ಕತ್ತ ಯುದ್ಧನೌಕೆ ಕಟ್ಟುವ ಊರಾದದ್ದು ಸೋಜಿಗವೇ. ಹೂಗ್ಲಿಯಲ್ಲಿ ಹೂಳು ಹೆಚ್ಚು, ಭರತ ನೋಡಿಯೇ ಹಡಗು ಹೊರಡಬೇಕು. ಆದರೂ 1818ರ ಜನವರಿಯಲ್ಲಿ ಖಿದಿರ್‌ಪುರದಲ್ಲಿ 74 ತೋಪುಗಳ 'ಹೇಸ್ಟಿಂಗ್ಸ್' ನೀರಿಗಿಳಿಯಿತು. ಮರುವರ್ಷ ಬ್ರಿಟಿಷ್ ನೌಕಾಪಡೆ ಅದನ್ನು ಕೊಂಡಿತು. 1823ರ ಜುಲೈಯಲ್ಲಿ ಅಲ್ಲಿಯೇ ಉಗಿಯಿಂದ ಓಡುವ 'ಡಯಾನಾ' ಇಳಿಯಿತು, ಮರುವರ್ಷ ಬರ್ಮಾ ಯುದ್ಧಕ್ಕೂ ಹೋಯಿತು. 1884ರಲ್ಲಿ ರವೀಂದ್ರನಾಥ ಠಾಕೂರರ ಅಣ್ಣ ಜ್ಯೋತಿರಿಂದ್ರನಾಥರು ಒಂದು ಹಡಗಿನ ಖಾಲಿ ಒಡಲನ್ನು ಕೊಂಡು, ಅದಕ್ಕೆ ಯಂತ್ರ ಕೂಡಿಸಿ 'ಸರೋಜಿನಿ' ಎಂದು ಹೆಸರಿಟ್ಟು, ಇಂಗ್ಲಿಷ್ ಕಂಪನಿಗೆ ಎದುರಾಗಿ ಖುಲ್ನಾ-ಬಾರಿಸಾಲ್ ನಡುವೆ ಓಡಿಸಿದರು, ಕೈಸುಟ್ಟುಕೊಂಡರು. ಅದೇ 1884ರಲ್ಲಿ ಗಾರ್ಡನ್ ರೀಚಿನ ದಂಡೆಯಲ್ಲಿ ನದಿಹಡಗು ರಿಪೇರಿಯ ಒಂದು ಸಣ್ಣ ಕಾರ್ಖಾನೆ ತೆರೆಯಿತು. 1934ರಲ್ಲಿ ಕಂಪನಿಯಾಗಿ, 1960ರಲ್ಲಿ ಸರಕಾರದ ಕೈಸೇರಿ, ಮರುವರ್ಷವೇ ಅಜಯ್ ಕಟ್ಟಿಕೊಟ್ಟಿತು. 2019ರಲ್ಲಿ ತನ್ನ ನೂರನೆಯ ಯುದ್ಧನೌಕೆಯನ್ನು ಒಪ್ಪಿಸಿತು. ಸರೋಜಿನಿಯ ಸಾಹಸಕ್ಕೆ ಒಂದು ವರ್ಷ ಮೊದಲು, 1883ರಲ್ಲಿ, ರವೀಂದ್ರರು ಇನ್ನೊಬ್ಬ ಅಣ್ಣ ಸತ್ಯೇಂದ್ರನಾಥರು ನ್ಯಾಯಾಧೀಶರಾಗಿದ್ದ ನಮ್ಮ ಕಾರವಾರದಲ್ಲಿದ್ದರು. ಇಂದು ಅಲ್ಲಿಯ ಕಡಲತೀರಕ್ಕೆ ರವೀಂದ್ರರ ಹೆಸರು. ಆ ಮರಳ ಮೇಲೆ 2006ರಿಂದ 'ಚಪಲ್' ಎಂಬ ಕ್ಷಿಪಣಿ ದೋಣಿ ಮ್ಯೂಸಿಯಂ ಆಗಿ ನಿಂತಿದೆ. ರಜೆಗೆ ಊರಿಗೆ ಬಂದಾಗಲೆಲ್ಲ ಅದರ ಕಟಕಟೆಯ ಎತ್ತರ, ಏಣಿಯ ಮೆಟ್ಟಿಲ ಅಂತರ ಅಳೆದು ಪುಸ್ತಕದಲ್ಲಿ ಬರೆದುಕೊಂಡು ಹೋಗಿ ಮಾಸ್ತರಿಗೆ ಒಪ್ಪಿಸುತ್ತಿದ್ದೆ. ಮುಟ್ಟಿ ಅಳೆಯಬಹುದಾದ ಯುದ್ಧನೌಕೆ ಮಾದರಿಗಾರನಿಗೆ ದೊಡ್ಡ ಆಸ್ತಿ.

ಗುರುಸದಯ್ ರಸ್ತೆಯ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ ಬಗ್ಗೆ ಬರೆಯದಿದ್ದರೆ ಈ ಚರಿತ್ರೆ ಅರ್ಧವಾಗುತ್ತದೆ. ಮುಖ್ಯಮಂತ್ರಿಯಾಗಿದ್ದ ಡಾ. ಬಿ.ಸಿ. ರಾಯ್ ಮ್ಯೂನಿಕ್ಕಿನ ಡಾಯ್ಚಸ್ ಮ್ಯೂಸಿಯಂ ನೋಡಿ ಬಂದು, ನಮ್ಮಲ್ಲೂ ಅಂಥದ್ದಾಗಲಿ ಎಂದು ಆಸೆಪಟ್ಟರು. ಘನಶ್ಯಾಮದಾಸ್ ಬಿರ್ಲಾ ತಮ್ಮ ಮನೆಯನ್ನೇ ಬಿಟ್ಟುಕೊಟ್ಟರು. 1959ರ ಮೇ 2ರಂದು ಬಾಗಿಲು ತೆರೆಯಿತು. ಆರು ವರ್ಷದ ಬಳಿಕ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ತೆರೆದ ವಿಶ್ವೇಶ್ವರಯ್ಯ ಮ್ಯೂಸಿಯಂ ಅದರ ತಂಗಿ. ಎರಡು ಕಡೆಯೂ ಒಂದೇ ನಂಬಿಕೆ: ಮಗು ಗುಂಡಿ ಒತ್ತಬೇಕು, ಹಿಡಿ ತಿರುಗಿಸಬೇಕು, ಆಮೇಲೆ ಮನೆಗೆ ಹೋಗಿ ತಾನೇ ಒಂದು ಮಾಡಬೇಕು. ಶಾಲಾ ಮಕ್ಕಳ ಕೈಗೆ ಕೆಲಸ ಕೊಡುವ ಹವ್ಯಾಸ ಕೇಂದ್ರ ಬಿರ್ಲಾ ಮ್ಯೂಸಿಯಂನಲ್ಲಿ ನಡೆಯಿತು. ನಮ್ಮ ಬಳಗದ ಇಬ್ಬರು ಮೊದಲು ಸುತ್ತಿಗೆ ಹಿಡಿದದ್ದು ಅಲ್ಲಿಯೇ. ಕೋಲ್ಕತ್ತದ ಕಾಂಕುರ್ಗಾಛಿಯಲ್ಲಿ 2014ರಿಂದ ದೋಣಿಗಳ ಮ್ಯೂಸಿಯಂ ಇದೆ: ಬಂಗಾಳದ ನದಿಗಳಲ್ಲಿ ಓಡುತ್ತಿದ್ದ 46 ಬಗೆಯ ದೋಣಿಗಳ ಮರದ ಮಾದರಿಗಳು. ಅವುಗಳಲ್ಲಿ ಎಷ್ಟೋ ದೋಣಿಗಳನ್ನು ಈಗ ಯಾವ ಘಾಟಿನಲ್ಲೂ ಕಾಣೆವು. ಮಂಗಳೂರು ಹಳೆ ಬಂದರಿನ ಮಂಜಿಗಳಿಗೂ ಪತ್ತೆಮಾರಿಗಳಿಗೂ ಇಂಥದ್ದೊಂದು ಮನೆ ಆಗಬೇಕು ಎಂದು ಅಲ್ಲಿ ನಿಂತಾಗಲೆಲ್ಲ ಹೊಟ್ಟೆಯೊಳಗೆ ಸಂಕಟವಾಗಿದೆ. ಕಟ್ಟಬಲ್ಲ ಮೇಸ್ತ್ರಿಗಳು ಬದುಕಿರುವಾಗಲೇ ಆಗಬೇಕು.

1971ರ ಬಾಂಗ್ಲಾ ಯುದ್ಧದ ಮಾತು ಬಂದರೆ ಕೋಲ್ಕತ್ತದ ಹಿರಿಯರ ದನಿ ಬದಲಾಗುತ್ತದೆ. ಬಂದರು ಸಂಸ್ಥೆಯ ಎರಡು ದೋಣಿಗಳಿಗೆ ಅಲ್ಲಿಯೇ ಬೋಫೋರ್ಸ್ ತೋಪು ಕೂಡಿಸಿ, 'ಪದ್ಮಾ', 'ಪಲಾಶ್' ಎಂದು ಹೆಸರಿಟ್ಟು ಮುಕ್ತಿವಾಹಿನಿಗೆ ಕೊಟ್ಟರು. ಇನ್ನೂ ಹುಟ್ಟದ ಒಂದು ದೇಶದ ನೌಕಾಪಡೆ ಆ ಎರಡು ದೋಣಿಗಳು. ಡಿಸೆಂಬರ್ 10ರಂದು, ನಮ್ಮ ನೌಕಾಪಡೆಯ 'ಪನ್ವೇಲ್' ಜೊತೆಗೆ ಖುಲ್ನಾದ ಹತ್ತಿರ ಹೋಗುತ್ತಿದ್ದಾಗ, ನಮ್ಮದೇ ಕಡೆಯ ವಿಮಾನಗಳು ಶತ್ರುವಿನವೆಂದು ತಪ್ಪು ತಿಳಿದು ಎರಡರ ಮೇಲೂ ಬಾಂಬು ಹಾಕಿದವು. ಪಲಾಶ್‌ನ ಎಂಜಿನ್ ಕೋಣೆಯ ಮುಖ್ಯಸ್ಥ ಮೊಹಮ್ಮದ್ ರೂಹುಲ್ ಅಮೀನ್ ಅಂದು ಪ್ರಾಣ ಕೊಟ್ಟರು; ಬಾಂಗ್ಲಾದೇಶ ಅವರಿಗೆ ತನ್ನ ಅತ್ಯುನ್ನತ ಗೌರವವಾದ 'ಬೀರ್ ಶ್ರೇಷ್ಠ'ವನ್ನು ಸಲ್ಲಿಸಿತು. ನಮ್ಮ ಬಳಗ ಪಲಾಶ್ ಮಾದರಿ ಮಾಡಿತು. ಫೋಟೋಗಳು ವಿರಳ, ನಕ್ಷೆ ಸಿಗಲಿಲ್ಲ. ಆ ಕಾಲದ ಬಂದರಿನ ದೋಣಿಗಳನ್ನು ಕಂಡಿದ್ದ ನಿವೃತ್ತ ದಾದಾ ಒಬ್ಬರು ಪಕ್ಕದಲ್ಲಿ ಕೂತು, ಸೇತುವೆ ಇನ್ನೂ ತಗ್ಗಿತ್ತು, ಚಿಮಣಿ ಇನ್ನೂ ಹಿಂದಿತ್ತು ಎಂದು ಹೇಳುತ್ತ ಹೋದರು. ನಾವು ಕೊಯ್ದು ಕೊಯ್ದು ಮತ್ತೆ ಅಂಟಿಸಿದೆವು. ಅದು ಎಷ್ಟು ನಿಖರವೋ ಹೇಳಲಾರೆ. ಮುಗಿದ ದಿನ ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿ, ಹಿಂಬದಿಯಿಂದ ಒಂದು ಸಲ, ಮೂತಿಯಿಂದ ಒಂದು ಸಲ ನೋಡಿ, ಏನೂ ಹೇಳದೆ ಮೇಜಿನ ಮೇಲಿಟ್ಟರು.

ಪಲಾಶ್ ಮೇಲೆ ಬಾಂಬು ಬಿದ್ದದ್ದಕ್ಕೆ ಒಂದು ದಿನ ಮುಂಚೆ, ಡಿಸೆಂಬರ್ 9ರ ರಾತ್ರಿ, ದೀವ್ ಕರಾವಳಿಯಾಚೆ ನಮ್ಮ ಯುದ್ಧನೌಕೆ 'ಖುಕ್ರಿ' ಮುಳುಗಿತ್ತು: ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಅದರೊಡನೆ ಹೋದರು. ದೀವ್‌ನ ಗುಡ್ಡದ ಮೇಲೆ ಕಡಲಿಗೆ ಮುಖಮಾಡಿ ಅವರ ಸ್ಮಾರಕವಿದೆ. ಅಲ್ಲಿ ಗಾಜಿನ ಮನೆಯೊಳಗೆ ಇರುವುದು ಖುಕ್ರಿಯ ಮಾದರಿ. ಹಡಗು ಕಡಲಡಿಯಲ್ಲಿದೆ, ಜನ ಹೂವಿಡಲು ಬರುವುದು ಮಾದರಿಯ ಮುಂದೆ. ಹಳೆಯ 'ವಿಕ್ರಾಂತ್' ಅನ್ನು 2014ರಲ್ಲಿ ಒಡೆದು ಲೋಹ ಮಾಡಿದಾಗ ನಮ್ಮ ಹುಡುಗರು 1:350ರಲ್ಲಿ ಅದನ್ನು ಕಟ್ಟಲು ಕೂತರು. 700 ಅಡಿಯ ಹಡಗು 61 ಸೆಂಟಿಮೀಟರಾಯಿತು. ಒಂದೊಂದು ಹಡಗು ಗುಜರಿಗೆ ಹೋದ ಸುದ್ದಿ ಬಂದಾಗಲೂ ಕೋಣೆಯಲ್ಲಿ ಹೀಗೊಂದು ಹೊಸ ಹಲಗೆ ಕೊಯ್ಯುವ ಸದ್ದು ಏಳುತ್ತಿತ್ತು. ಅದಕ್ಕೆ ಯಾರೂ ಕಾರಣ ಹೇಳುತ್ತಿರಲಿಲ್ಲ.

ಕನ್ನಡದವನಾಗಿ ನಾನು ಹಟ ಹಿಡಿದು ಮಾಡಿಸಿದ್ದು 'ಮೈಸೂರು'. ಬ್ರಿಟನ್ನಿನಿಂದ ಕೊಂಡ 'ನೈಜೀರಿಯಾ' ಎಂಬ ಕ್ರೂಸರನ್ನು ನಮ್ಮವರು ಆ ಹೆಸರಿಟ್ಟು 1957ರಲ್ಲಿ ಪಡೆಗೆ ಸೇರಿಸಿಕೊಂಡರು. 1971ರಲ್ಲಿ ಪಶ್ಚಿಮ ನೌಕಾಬಳಗದ ಮುಂದಾಳು ಹಡಗು ಅದೇ. ಮೂರು ಗೋಪುರಗಳಲ್ಲಿ ಮೂರು ಮೂರರಂತೆ ಆರು ಇಂಚಿನ ಒಂಬತ್ತು ತೋಪುಗಳು. ಅದರ ಲಾಂಛನ ನಮ್ಮ ಗಂಡಭೇರುಂಡ. ಮಾದರಿಯ ಪೀಠಕ್ಕೆ ಉಗುರಗಲದ ಫಲಕದಲ್ಲಿ ಆ ಎರಡು ತಲೆಯ ಹಕ್ಕಿಯನ್ನು ಬರೆದದ್ದು ಕುಮಾರ್‌ಟುಲಿಯ ದೇವಿಮೂರ್ತಿಗಳಿಗೆ ಕಣ್ಣು ಬರೆಯುವವರ ಮನೆಯ ಹುಡುಗ. ಹಕ್ಕಿಯ ಎರಡು ಕಣ್ಣನ್ನು ಕೊನೆಗೆ ಇಟ್ಟುಕೊಂಡ. ಅವುಗಳನ್ನು ಇಡುವಾಗ ಉಸಿರು ಬಿಗಿಹಿಡಿದಿದ್ದ. ಅವರ ಮನೆಯಲ್ಲಿ ದುರ್ಗೆಯ ಕಣ್ಣನ್ನು ಬರೆಯುವುದೂ ಹಾಗೆಯೇ, ಎಲ್ಲ ಮುಗಿದ ಮೇಲೆ.

ಜಪಾನಿನ ನಾಲ್ಕು ಕಂಪನಿಗಳು 1971ರಲ್ಲಿ ಒಂದಾಗಿ 1:700ರ ಪ್ಲಾಸ್ಟಿಕ್ ಹಡಗು ಕಿಟ್‌ಗಳನ್ನು ತರಲು ಶುರು ಮಾಡಿದ ಮೇಲೆ ಲೋಕದ ಹವ್ಯಾಸಿಗಳಿಗೆ ಪೆಟ್ಟಿಗೆ ಬಿಚ್ಚಿ ಅಂಟಿಸುವ ಸುಖ ಸಿಕ್ಕಿತು. ಭಾರತದ ಹಡಗುಗಳು ಆ ಪೆಟ್ಟಿಗೆಗಳಲ್ಲಿ ಸಿಗುವುದು ಅಪರೂಪ. ಅದರಿಂದ ನಮಗೆ ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ಕಿಟ್ ಇಲ್ಲದ್ದರಿಂದ ನಾವು ನಕ್ಷೆ ಓದಲು ಕಲಿತೆವು. ಈಗ ಹುಡುಗರು ಕಂಪ್ಯೂಟರಿನಲ್ಲಿ ಬರೆದು ತ್ರೀ-ಡಿ ಪ್ರಿಂಟರಿನಲ್ಲಿ ಸಣ್ಣ ಭಾಗಗಳನ್ನು ತೆಗೆಯುತ್ತಾರೆ. ರಾಡಾರಿನ ಜಾಲರಿಯನ್ನು ನಾನು ಒಂದು ವಾರ ತಂತಿ ಹೆಣೆದು ಮಾಡುತ್ತಿದ್ದೆ. ಅವರಿಗೆ ಒಂದು ರಾತ್ರಿ ಸಾಕು, ಮತ್ತು ಅವರದು ನನ್ನದಕ್ಕಿಂತ ಚೆನ್ನಾಗಿದೆ. ಒಡಲನ್ನು ಮಾತ್ರ ಈಗಲೂ ಮರದಲ್ಲೇ ಕೆತ್ತಬೇಕು ಎಂಬ ಪದ್ಧತಿಯನ್ನು ಅವರೇ ಉಳಿಸಿಕೊಂಡಿದ್ದಾರೆ.

ಮಾಸ್ತರು ಈಗಿಲ್ಲ. ಕೋಣೆ ಅವರ ಮಗಳು ಬಿಟ್ಟುಕೊಟ್ಟದ್ದರಿಂದ ಉಳಿದಿದೆ. ನಾನು ನಿವೃತ್ತನಾಗಿ ಮಂಗಳೂರಿಗೆ ಬಂದೆ. ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಹೋಗಿ ಹದಿನೈದು ದಿನ ಇದ್ದು ಬರುತ್ತೇನೆ. ಕಳೆದ ಸಲ ಹೋದಾಗ ಮೇಜಿನ ಮೇಲೆ ಒಂದೇ ಹೆಸರಿನ ಎರಡು ಹಡಗುಗಳಿದ್ದವು. ಒಂದು ಹಳೆಯ 'ಹಿಮಗಿರಿ', 1974ರಲ್ಲಿ ಪಡೆ ಸೇರಿ 2005ರಲ್ಲಿ ನಿವೃತ್ತಿಯಾದದ್ದು. ಇನ್ನೊಂದು ಗಾರ್ಡನ್ ರೀಚಿನಲ್ಲೇ ಕಟ್ಟಿದ ಹೊಸ 'ಹಿಮಗಿರಿ', 2025ರ ಆಗಸ್ಟ್ 26ರಂದು ವಿಶಾಖಪಟ್ಟಣದಲ್ಲಿ ಪಡೆ ಸೇರಿದ್ದು. ಎರಡೂ 1:350ರಲ್ಲಿ, ಹಳೆಯದು 32 ಸೆಂಟಿಮೀಟರು, ಹೊಸದು 43ರ ಹತ್ತಿರ. ಹಳೆಯದರ ಮೈತುಂಬ ಕಟಕಟೆ, ಏಣಿ, ಕಂಬ, ತಂತಿ. ಹೊಸದು ರಾಡಾರಿನ ಕಣ್ಣಿಗೆ ಬೀಳದಂತೆ ಎಲ್ಲವನ್ನೂ ಮೈಯೊಳಗೆ ಅಡಗಿಸಿಕೊಂಡ ನುಣುಪು ಹಡಗು. ಕಟಕಟೆ ನೆಡುವ ಕೆಲಸ ಇದರಲ್ಲಿ ಕಡಿಮೆ, ಆದರೆ ಆ ಓರೆ ಗೋಡೆಗಳ ಅಂಚು ಒಂದು ಕೂದಲೆಳೆ ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ. ಬಲಗಡೆಯ ಗೋಡೆ ಇನ್ನೂ ಸರಿ ಬಂದಿರಲಿಲ್ಲ. ಒಂಬತ್ತನೆಯ ಕ್ಲಾಸಿನ ಒಬ್ಬ ಹುಡುಗಿ, ನೌಕಾ ಎನ್‌ಸಿಸಿಗೆ ಹೊಸದಾಗಿ ಸೇರಿದವಳು, ಅದನ್ನು ನನ್ನ ಕೈಗೆ ಕೊಟ್ಟು, "ಕಾಕು, ಇಲ್ಲಿ ಉಬ್ಬು ಇದೆ, ನೋಡಿ" ಎಂದಳು. ನನಗೆ ಕಾಣಲಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿದೆ. ಇತ್ತು. ಅವಳ ಕೈಗೇ ಉಪ್ಪುಕಾಗದ ಕೊಟ್ಟೆ.